ಇಲಿ ಓಡಸೂ ಡಬ್ಬಿ, ಮತ್ತ ಎದುರು ಮನಿ ಹುಡುಗಿ

ಪುಣೆದಾಗ ಏನು ಕೆಲಸಾ ಮಾಡ್ತಿ ಅಂತ ಯಾರರ ಕೇಳಿದ್ರ ಮೊದಲೆಲ್ಲಾ ನಾ ಅರ್ಧಾ ತಾಸು ಹೇಳ್ತಿದ್ದೆ. ಈಗ ಮಷೀನ್ ರಿಪೇರಿ ಅಂತ ಹೇಳಿ ಸುಮ್ನಾಗ್ತೀನಿ. ಹಂಗ ಯಾಕಾತು ಅನ್ನೂದನ್ನ ಇವತ್ತ ಬರದಬಿಡ್ತೀನಿ. ಭಾಳ ದಿನದಿಂದ ಹೊಟ್ಯಾಗ ಇಟಕೊಂಡ ಕೂತೀನಿ.

ನಾ ಓದಿದ್ದು ಬಿ.ಕಾಂ., ಧಾರವಾಡದಾಗ. ಪುಣೆದ ಕೊಂಢವಾದಾಗ ಒಂದ ಸಣ್ಣ ವರ್ಕ್‌ಶಾಪಿಗೆ ಬಿಲ್ ಬರಿಯೂ ಕೆಲಸಕ್ಕಂತ ಬಂದಾಕಿ. ಅಲ್ಲಿ ಅಲ್ಟ್ರಾಸಾನಿಕ್ ತೊಳಿಯೂ ಮಷೀನ್ ರಿಪೇರಿ ಮಾಡ್ತಾರ. ನೋಡಾಕ ಸ್ಟೀಲಿನ ಚೌಕ ಬೋಗುಣಿ ಇದ್ದಂಗ ಇರ್ತಾವ. ತಳದಾಗ ಹೊರಗಿನ ಬಾಜೂ ದಪ್ಪನ್ನ ಬಿಲ್ಲಿ ಅಂಟಿಸಿರ್ತಾರ. ಕರೆಂಟ್ ಕೊಟ್ರ ಆ ಬಿಲ್ಲಿ ಸೆಕೆಂಡಿಗೆ ನಾಲ್ವತ್ತು ಸಾವಿರ ಸಲ ನಡಗ್ತಾವ. ನೀರಾಗ ಕಣ್ಣಿಗೆ ಕಾಣದಂಥಾ ಗುಳ್ಳಿ ಹುಟ್ಟಿ ಒಡೀತಾವ, ಆ ಹೊಡತಕ್ಕ ಹೊಲಸು ಬಿಟ್ಟು ಬರ್ತದ. ಹಲ್ಲಿನ ಡಾಕ್ಟರ ಸಾಮಾನು, ಬಂಗಾರದ ಅಂಗಡ್ಯಾಗಿನ ಬಳಿ, ಗಾಡಿ ಇಂಜೆಕ್ಟರು, ಎಲ್ಲಾ ಇದರಾಗ ತೊಳೀತಾರ. ಮೊದಲ ದಿನಾ ಒಂದ ಕರಿಬಡಿದ ನಟ್ ಹಾಕಿ ತೋರಿಸಿದ್ರು. ಹೊಗಿ ಎದ್ದಂಗ ಹೊಲಸು ಬಿಡಾಕತ್ತಿದ್ದನ್ನ ನೋಡಿ ನನಗ ಊಟಾ ಬ್ಯಾಡಾತು. ಮೂರ ತಿಂಗಳಾಗ ಬಿಲ್ ಪುಸ್ತಕಾ ಬದಿಗಿಟ್ಟು ಸೋಲ್ಡರಿಂಗ್ ಹಿಡದೆ.

ಯಾರೂ ಕಲಿಸಲಿಲ್ಲ. ಬಸ್ಸಿನ್ಯಾಗ ಫೋನ್ ನೋಡಕೋತ ಕಲತೆ. ಆ ಬಿಲ್ಲಿ ನಡಗಿ ಹುಟ್ಟಸೂ ಇದ ಸಪ್ಪಳ ಹೊಟ್ಯಾಗಿನ ಕೂಸಿನ ತೋರಸ್ತದ, ಕಿಡ್ನ್ಯಾಗಿನ ಹರಳ ಒಡೀತದ, ರೈಲು ಹಳಿಯೊಳಗ ಎಲ್ಲಿ ಸೀಳ್ಯಾದ ಅಂತ ಹೇಳ್ತದ, ಗೋಂದು ಇಲ್ಲದ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕೂಡಸ್ತದ. ಕಿವಿಗೆ ಕೇಳದಂಥಾ ಸಪ್ಪಳಾ ಇಷ್ಟೆಲ್ಲಾ ಮಾಡ್ತದ ಅಂದ್ರ ನನಗ ಅದೊಂದು ಹುಚ್ಚ ಹಿಡದಂಗಾತು. ಸಿಕ್ಕವರಿಗೆಲ್ಲಾ ಹೇಳ್ತಿದ್ದೆ. ಕಾಯಿಪಲ್ಲೆ ಮಾರೂ ಮೌಶಿಗೂ ಒಂದ ದಿನಾ ಬಾವಲಿ ಹೆಂಗ ಹಾರ್ತದ ಅಂತ ಮರಾಠ್ಯಾಗ ಹೇಳೇನಿ. ಆಕಿ ಪಾಪ, ಕೊತಂಬ್ರಿ ಸಿವುಡು ಹಿಡಕೊಂಡ ನಿಂತಿದ್ಲು.

ವರ್ಕ್‌ಶಾಪಿನ ಮಾಲಕರು ವಯಸ್ಸಾದವರು, ಮಾತು ಕಡಿಮಿ. ನನಗ ಎರಡ ಕಟ್ಟುನಿಟ್ಟಿನ ನಿಯಮಾ ಹಾಕಿದ್ರು. ಒಂದು, ರಿಪೇರಿ ಆದ ಮಷೀನಿನ್ಯಾಗ ಅಡಗಿಮನ್ಯಾಗಿನ ಅಲ್ಯೂಮಿನಿಯಂ ಕಾಗದಾ ಅದ್ದಿ ನೋಡೂದು. ಕಾಗದಕ್ಕ ಸೂಜಿ ಚುಚ್ಚಿದಂಗ ತೂತು ಬಿದ್ರ ಮಷೀನ್ ಛಲೋ ನಡದದ ಅಂತ. ಬೋಗುಣಿ ಛರ್ ಅಂತ ಸಪ್ಪಳಾ ಮಾಡ್ತದ, ಅದನ್ನ ಕೇಳಿ ನಡದದ ಅಂತ ಹೇಳಬಾರದು. "ಕಿವಿ ಮ್ಯಾಲ ಭರೋಸಾ ಇಡಬ್ಯಾಡ, ಕಾಗದಾ ನೋಡು" ಅಂತ ಮರಾಠ್ಯಾಗ ದಿನಾ ಒಂದ ಸಲ ಹೇಳ್ತಿದ್ರು. ಎರಡನೇದ್ದು, ಮಷೀನ್ ಚಾಲೂ ಇದ್ದಾಗ ಕಿವಿಗೆ ಮುಚಗಿ ಹಾಕ್ಕೊಳ್ಳೂದು. ನಾ ಅದನ್ನ ಕೊಳ್ಳಿಗೆ ಹಾಕ್ಕೊಂಡ ಅಡ್ಡಾಡ್ತಿದ್ದೆ. ಶೆಕಿ ಆಗ್ತಿತ್ತು, ಮತ್ತ ಖರೇ ಹೇಳಬೇಕಂದ್ರ ಆ ಛರ್ ಸಪ್ಪಳಾ ನನಗ ಸೇರ್ತಿತ್ತು. ಹಂಗ ಎರಡ ವರ್ಷಾ ಕಳದೆ.

ಇರೂದು ಸದಾಶಿವ ಪೇಠದಾಗ, ಒಂದ ಹಳೇ ಬಿಲ್ಡಿಂಗಿನ ಮೊದಲ ಮಾಳಗಿ ಮ್ಯಾಲ ಒಂದ ಖೋಲಿ. ಕೆಳಗ ಮಾಲಕಿ ಕಾಕೂ. ನನ್ನ ಎದುರ ಬಾಗಲಾ ಬೆಳಗಾವಿ ಕಡೆದವರು: ಅಣ್ಣಾರು ವಿಮಾ ಆಫೀಸಿನ್ಯಾಗ ಇದ್ರು, ವೈನಿ ಮನ್ಯಾಗ ಟೇಲರಿಂಗ್ ಮಾಡ್ತಿದ್ರು, ಅವರಿಗೊಬ್ಬಾಕಿ ಹುಡುಗಿ, ಹನ್ನೊಂದ ವರ್ಷದಾಕಿ. ಸಂಬಂಧ ಏನೂ ಇಲ್ಲ. ಖೋಲಿ ಹಿಡದ ಮೊದಲ ವಾರ ವೈನಿ ಬಾಗಲಾಗ ನಿಂತು, "ಏನ ಊಟಾ ಮಾಡ್ತಿ ಒಬ್ಬಾಕಿ? ಬಾ ಇಲ್ಲೆ, ಎರಡ ರೊಟ್ಟಿ ಹೆಚ್ಚ ಬಡೀತೀನಿ" ಅಂದ್ರು, ಅವತ್ತಿಂದ ನಾ ಅವರ ಮನಿಯಾಕಿನ ಆದೆ. ಹುಡುಗಿ ನನ್ನ ಹಿಂದ ಹಿಂದ ಅಡ್ಡಾಡ್ತಿತ್ತು. ವರ್ಕ್‌ಶಾಪಿಂದ ನಾ ತಂದಕೊಟ್ಟ ಹಾಳಾದ ಬಿಲ್ಲಿ ಒಂದು ಅಕಿ ಕಂಪಾಸ ಪೆಟ್ಟಿಗ್ಯಾಗ ಇತ್ತು. ಸಾಲ್ಯಾಗ ಎಲ್ಲಾರಿಗೂ ತೋರಿಸಿ "ನಮ್ಮಕ್ಕ ಸೈಂಟಿಸ್ಟ್" ಅಂತ ಹೇಳ್ತಿದ್ಲಂತ. ಅಣ್ಣಾರೂ ಚ್ಯಾಷ್ಟಿ ಮಾಡ್ತಿದ್ರು, "ಬರ್ರಿ ಸೈಂಟಿಸ್ಟರ, ನಮ್ಮ ಮಿಕ್ಸರ್ ನೋಡ್ರಿ ಯಾಕೋ ಅಳಾಕತ್ತದ" ಅಂತ. ನನಗ ಒಳಗ ಭಾಳ ಖುಷಿ ಆಗ್ತಿತ್ತು.

ಹೋದ ವರ್ಷ ಗಣಪತಿ ಹಬ್ಬಕ್ಕ ಇನ್ನೂ ತಿಂಗಳ ಇದ್ದಾಗ ಕಾಕೂನ ಅಟ್ಟದ ಮ್ಯಾಲ ಇಲಿ ಹೊಕ್ಕವು. ಆ ಅಟ್ಟ ಇರೂದು ಜೀನಿಗೆ ಹಚ್ಚಿ, ಅರ್ಧಾ ಮೆಟ್ಟಲಾ ಹತ್ತಿದ ಮ್ಯಾಲ. ಬ್ಯಾಸಿಗ್ಯಾಗ ಮಾಡಿಟ್ಟ ಹಪ್ಪಳ, ಕುರಡಗಿ ಡಬ್ಬಿ ಎಲ್ಲಾ ಅಲ್ಲೇ. ಇಲಿ ಪ್ಲಾಸ್ಟಿಕ್ ಮುಚ್ಚಳಾನೂ ಕಡದಿದ್ವು. ಅಣ್ಣಾರು ಔಷಧ ತಂದಿಡ್ತೀನಿ ಅಂದ್ರ ಕಾಕೂ ಒಪ್ಪಲಿಲ್ಲ.

"ಬಾಪ್ಪಾಚಂ ವಾಹನ ಆಹೇ ತೇ" ಅಂದ್ರು. ಅದು ಬಾಪ್ಪಾನ ವಾಹನಾ, ಹಬ್ಬ ಬಾಗಲಾಗ ಬಂದಾಗ ಕೊಂದ್ರ ಮನಿಗೆ ಹೆಂಗ ಗಣಪತಿ ತರೂದು? ಕೊಲ್ಲಬಾರದು, ಸುಮ್ನ ಬ್ಯಾರೆ ಕಡೆ ಹೋಗ್ರಿ ಅಂತ ಹೇಳೂ ಹಾದಿ ಬೇಕು.

"ನಾ ಹೇಳ್ತೀನಿ ಅವಕ್ಕ" ಅಂದೆ ನಾನು.

ಒಂದ ಐತಾರದಾಗ ಡಬ್ಬಿ ತಯಾರಾತು. ನನ್ನ ಹಳೇ ಟಿಫಿನ್ ಡಬ್ಬಿ, ಒಳಗ ಒಂದ ಸಣ್ಣ ಸರ್ಕೀಟು, ಮುಂದ ಎರಡ ಚಪ್ಪಟಿ ಸ್ಪೀಕರು. ಸೆಕೆಂಡಿಗೆ ಇಪ್ಪತ್ತು ಸಾವಿರ ಸಲಕ್ಕಿಂತಾ ಹೆಚ್ಚ ನಡಗೂ ಸಪ್ಪಳಾ ಮಾಡಿದ್ರ ಮನಷಾರಿಗೆ ಕೇಳೂದಿಲ್ಲ, ಇಲಿಗೆ ಕೇಳ್ತದ, ತ್ರಾಸ ಆಗಿ ಓಡ್ತಾವ, ಅಂತ ನಾ ಓದಿದ್ದೆ. ಸಪ್ಪಳದ ಸ್ವರಾ ಏರಸೂದಕ್ಕ ಒಂದ ತಿರುಪು. ಅದನ್ನ ತಿರವಿಕೋತ ಹೋದೆ. ಚುಂಯ್ ಅನ್ನೂದು ಸಣ್ಣ ಆಗಿ, ಇನ್ನೂ ಸಣ್ಣ ಆಗಿ, ಒಂದ ಕಡೆ ನಿಂತ ಹೋತು. ಅಲ್ಲಿಂದ ಮ್ಯಾಲ ಇನ್ನೊಂದಿಷ್ಟು ತಿರವಿದೆ. ಇಪ್ಪತ್ತೇನು, ಇಪ್ಪತ್ತೈದ ದಾಟಿರಬೇಕು ಅಂತ ನನಗ ನಾನ ಹೇಳಕೊಂಡೆ. ವರ್ಕ್‌ಶಾಪಿನ್ಯಾಗ ಮೀಟರ್ ಇತ್ತು. ಮರದಿನಾ ಒಯ್ದು ಹಚ್ಚಿದ್ರ ಎರಡ ನಿಮಿಷದ ಕೆಲಸಾ. ಒಯ್ಯಲಿಲ್ಲ. ಐತಾರಾನ ಕೂಡಸಬೇಕಾಗಿತ್ತು, ಕಾಕೂ ಚಹಾ ಇಟಗೊಂಡ ಕಾಯಾಕತ್ತಿದ್ರು.

ಅಟ್ಟದ ಮ್ಯಾಲ ಡಬ್ಬಿ ಇಟ್ಟು ಕೆಳಗಿಳದು ಎಲ್ಲಾರ ಮುಂದ ಒಂದ ಭಾಷಣಾ ಮಾಡಿದೆ. "ಇದರ ಸಪ್ಪಳಾ ಯಾವ ಮನಷಾನ ಕಿವಿಗೂ ಕೇಳೂದಿಲ್ರಿ. ಕೇಳೂದು ಸಾಧ್ಯಾನ ಇಲ್ಲ" ಅಂದೆ. ಈ ಮಾತು ನೆನಪಿಡ್ರಿ.

ಹುಡುಗಿ ಅವತ್ತ ಅಜ್ಜಿ ಊರಿಗೆ ಹೋಗಿದ್ಲು. ಮೂರ ದಿನಾ ಬಿಟ್ಟು ಬಂದ್ಲು. ಬಂದ ಸಂಜಿನ ಶುರು ಆತು.

ಅಕಿ ಅಭ್ಯಾಸದ ಮೇಜು ಒಂದ ಸಣ್ಣ ಖೋಲ್ಯಾಗ ಇತ್ತು. ಅಣ್ಣಾರು ಬಡಿಗ್ಯಾನ ಕರಸಿ ಗ್ವಾಡಿಗೆ ಕೂಡಿಸಿ ಮಾಡಿಸಿದ್ದು, ಮ್ಯಾಲ ಪುಸ್ತಕದ ಹಲಗಿ, ಒಂದ ದೀಪಾ. ಆ ಗ್ವಾಡ್ಯಾಗ ಎತ್ತರದಾಗ ಒಂದ ಜಾಳಗಿ, ಜೀನಿ ಕಡೆ ತೆರದಿದ್ದು. ಇಂಥಾ ಸಪ್ಪಳಾ ಗ್ವಾಡಿ ದಾಟೂದಿಲ್ಲ, ಆದ್ರ ಒಂದ ಕಿಂಡಿ ಸಿಕ್ರ ಬ್ಯಾಟರಿ ಬೆಳಕಿನಂಗ ನೆಟ್ಟಗ ಹೋಗಿ ಬೀಳ್ತದ. ಬೀಳ್ತಿದ್ದದ್ದು ಆ ಮೇಜಿನ ಮ್ಯಾಲ. ಅಡಗಿಮನ್ಯಾಗ ಇಲ್ಲ, ಹಾಲಿನ್ಯಾಗ ಇಲ್ಲ, ಅಭ್ಯಾಸಕ್ಕ ಕೂತಾಗ ಅಷ್ಟ.

"ಅಮ್ಮಾ, ಇಲ್ಲೆ ಚುಂಯ್ ಅಂತದ. ಹಲ್ಲಾಗ ಹೊಕ್ಕಂಗ ಆಗ್ತದ" ಅಂತಿದ್ಲು.

ವೈನಿ ಹೋಗಿ ನಿಂತ ಕೇಳಿದ್ರು. ಏನೂ ಇಲ್ಲ. ಅಣ್ಣಾರು ದೀಪಾ ಬದಲಿ ಮಾಡಿದ್ರು, ಫ್ಯಾನ್ ಬಂದ್ ಮಾಡಿದ್ರು. ಏನೂ ಇಲ್ಲ. ಅದೇ ಹೊತ್ತಿಗೆ ಪೇಠದಾಗೆಲ್ಲಾ ಢೋಲ್-ತಾಶಾ ತಾಲೀಮು ನಡದಿತ್ತು, ಸಂಜಿ ಆತಂದ್ರ ಕಿಟಕಿ ಗಾಜು ನಡಗ್ತಿದ್ವು.

"ಇಡೀ ಊರ ಢೋಲ್ ಬಡ್ಯಾಕತ್ತದ, ಅದು ತ್ರಾಸ ಇಲ್ಲ ಇಕಿಗೆ" ಅಂದ್ರು ಅಣ್ಣಾರು ಊಟಾ ಮಾಡಕೋತ. "ಯಾರಿಗೂ ಕೇಳದ್ದು ಕೇಳಸ್ತದ. ಅದೂ ಗಣಿತಾ ತಗದಾಗ."

"ಮರಾಠಿ ತಗದಾಗನೂ ಕೇಳಸ್ತದ ಅಪ್ಪಾ."

"ಹಾಂ, ಹಂಗಾರ ಸುಳ್ಳಲ್ಲ ಬಿಡು, ಎರಡ ವಿಷಯದಾಗ ಕೇಳಸ್ತದ."

ನಾನೂ ನಕ್ಕೆ. ಅವರ ತಾಟಿನ್ಯಾಗಿನ ಝುಣಕಾ ತಿನಕೋತ ನಕ್ಕೆ. ಖರೇನ ಆಗ ನನ್ನ ತಲ್ಯಾಗ ಡಬ್ಬಿ ಬರಲಿಲ್ಲ. ಮನಷಾರಿಗೆ ಕೇಳೂದಿಲ್ಲ ಅಂತ ನಾನ ಹೇಳಿದ್ನಲ್ಲಾ.

ವೈನಿ ಬಳ್ಳೊಳ್ಳಿ ಕಾಸಿದ ಎಣ್ಣಿ ಕಿವ್ಯಾಗ ಹಾಕಿದ್ರು. ಉಪ್ಪು ಮೆಣಸಿನಕಾಯಿ ಇಳಿವಿ ದೃಷ್ಟಿ ತಗದ್ರು. ಹುಡುಗಿ ಪುಸ್ತಕಾ ತಗೊಂಡು ಅಡಗಿಮನಿಗೆ ಬಂದ್ರ, ಅಷ್ಟ ಖರ್ಚ ಮಾಡಿ ಮಾಡಿಸಿದ ಮೇಜು ಯಾತಕ್ಕ ಅಂತ ಅಣ್ಣಾರು ಎಬ್ಬಿಸಿ ಕಳಸ್ತಿದ್ರು. ಘಟಕ ಪರೀಕ್ಷಾದಾಗ ಮಾರ್ಕ್ಸ್ ಇಳದವು. ಕಿವಿ ಡಾಕ್ಟರ ಕಡೆ ಕರಕೊಂಡ ಹೋದ್ರು. ಅವರು ಖೋಲ್ಯಾಗ ಕೂಡಿಸಿ ಟೆಸ್ಟ್ ಮಾಡಿ, ಕಿವಿ ಏಕದಂ ಛಲೋ ಅವ ಅಂತ ಹೇಳಿ ಕಳಿಸಿದ್ರು. ಆ ಟೆಸ್ಟು ಎಂಟ ಸಾವಿರದ ತನಕಾ ಅಷ್ಟ ನೋಡ್ತದ ಅಂತ ನಾ ಆಮ್ಯಾಲ ಓದಿದೆ. ಮನಷಾರ ಮಾತಿಗೆ ಅಷ್ಟು ಸಾಕಲ್ಲಾ.

ಡಾಕ್ಟರು ಛಲೋ ಅಂದಿದ್ದ ಅಕಿಗೆ ಕೆಟ್ಟಾತು. ಅಲ್ಲಿತನಕಾ ರೋಗ ಇರಬಹುದು ಅಂತಿದ್ರು. ಈಗ ಸುಳ್ಳು ಅಂದ್ರು. ಅಣ್ಣಾರು ಮಾತು ಬಿಟ್ರು. ಬೈಲಿಲ್ಲ, ಹೊಡೀಲಿಲ್ಲ. "ಸುಳ್ಳ ಹೇಳಿದೆ ಅಂತ ಒಪ್ಪಕೊಳ್ಳೂತನಕಾ ನನ್ನ ಕೂಡ ಮಾತಾಡಬ್ಯಾಡ" ಅಂದ್ರು, ಅಷ್ಟ. ಆ ಮನ್ಯಾಗ ದಿನಾ ಸಂಜಿಗೆ ಅಪ್ಪಾ-ಮಗಳು ಪೇಪರ್ ಹಿಡಕೊಂಡ ಪದಬಂಧಾ ಬಿಡಸ್ತಿದ್ರು. ಅದು ನಿಂತು ಎಂಟ ದಿನಾ ಆಗಿತ್ತು. ಹುಡುಗಿ ಪೇಪರ್ ತಂದ ಅಪ್ಪನ ಬಾಜೂ ಇಟ್ಟು ಹೋಗ್ತಿದ್ಲು. ಅದು ಹಂಗ ಮಡಚಿದ್ದ ಇರ್ತಿತ್ತು.

ಆಗ ವೈನಿ ನನ್ನ ಕರದ್ರು. "ನೀ ಈ ಸಪ್ಪಳದ್ದೆಲ್ಲಾ ಓದ್ತೀಯಲ್ಲಾ, ಒಮ್ಮೆ ನೀನ ನೋಡ ಅಕಿ ಕಿವಿ" ಅಂದ್ರು. "ನೀ ಏನ ಹೇಳಿದ್ರೂ ಅವರು ಕೇಳ್ತಾರ. ನಿನ್ನ ಮ್ಯಾಲ ನಂಬಿಗಿ ಅದ ಅವರಿಗೆ."

ಫೋನಿನ್ಯಾಗ ಸಪ್ಪಳಾ ಹುಟ್ಟಸೂ ಆ್ಯಪ್ ಇತ್ತು, ಒಂದ ಛಲೋ ಇಯರ್‌ಫೋನ್ ಇತ್ತು. ಅಡಗಿಮನಿ ನೆಲದ ಮ್ಯಾಲ ಇಬ್ಬರೂ ಕೂತ್ವಿ. ಒಂದ ಬಟನ್ ನನ್ನ ಕಿವ್ಯಾಗ, ಒಂದ ಅಕಿ ಕಿವ್ಯಾಗ. ಅಕಿ ರಫ್ ವಹಿ ತಗದು ಎರಡ ಸಾಲು ಹಾಕಿದೆ, ಒಂದಕ್ಕ "ನೀ", ಒಂದಕ್ಕ "ನಾ" ಅಂತ ಬರದೆ. ಆಟದಂಗ ಇರಲಿ ಅಂತ. ಕೇಳಿದ್ರ ಟಿಕ್. ಮಗ್ಗಲ ಖೋಲ್ಯಾಗ ಅಣ್ಣಾರು ಟಿ.ವಿ. ಸಪ್ಪಳಾ ಇಳಿಸಿ ಕೂತಿದ್ರು.

ಎಂಟ ಸಾವಿರ, ಇಬ್ಬರಿಗೂ ಟಿಕ್. ಹತ್ತು, ಹನ್ನೆರಡು, ಇಬ್ಬರಿಗೂ ಟಿಕ್. ಹದಿನಾಲ್ಕಕ್ಕ ನನಗ ಏನೂ ಕೇಳಲಿಲ್ಲ. ಆ್ಯಪ್ ಕೆಟ್ಟಿರಬೇಕು ಅಂತ ವಾಲ್ಯೂಂ ಏರಸಾಕ ಹೋದೆ, ಅಕಿ "ಸಾಕಕ್ಕಾ, ಭಾಳ ಜೋರದ" ಅಂದ್ಲು. ಹದಿನೈದು. ನನಗ ಬರೇ ಸುಮ್ನ. ಅಕಿ ಗೋಣ ಹಾಕಿದ್ಲು. ಹದಿನಾರು ಮಾಡಿದೆ.

ಹುಡುಗಿ ಕಿವ್ಯಾಗಿಂದ ಬಟನ್ ಕಿತ್ತ ತಗದ್ಲು. "ಅಕ್ಕಾ, ಇದ. ಇದ ನೋಡು ಅದು" ಅಂದ್ಲು. ಅಕಿ ಮಾರಿ ಅರಳಿತ್ತು. ಸಿಕ್ತು, ಅಕ್ಕ ಹುಡಿಕಿದ್ಲು, ಅನ್ನೂ ಮಾರಿ ಅದು.

ಆ ನಿಮಿಷದಾಗ ನನಗ ಎಲ್ಲಾ ಗೊತ್ತಾತು. ಡಬ್ಬಿ ತಿರುಪು ಎಲ್ಲಿಗೆ ನಿಲ್ಲಿಸಿದ್ನೆಪ್ಪಾ ನಾನು? ನನ್ನ ಕಿವಿ ಮುಗದಲ್ಲಿ. ನನ್ನ ಕಿವಿ ಹದಿನಾಲ್ಕಕ್ಕ ಮುಗೀತದ, ಎರಡ ವರ್ಷಾ ಮುಚಗಿ ಕೊಳ್ಳಿಗೆ ಹಾಕ್ಕೊಂಡಿದ್ದಕ್ಕ. ಅದರ ಮ್ಯಾಲ ಒಂದಿಷ್ಟ ತಿರವಿದ್ರ ಹದಿನಾರು. ವೈನಿ, ಅಣ್ಣಾರು, ಕಾಕೂ, ಯಾರ ಕಿವಿಗೂ ಆ ವಯಸ್ಸಿನ್ಯಾಗ ಅದು ಮುಟ್ಟೂದಿಲ್ಲ. ಇಡೀ ಬಿಲ್ಡಿಂಗಿನ್ಯಾಗ ಕೂಸು ಅಂದ್ರ ಇದೊಂದ.

ವಹಿಯೊಳಗ ಅಕಿ ಸಾಲಿನ್ಯಾಗ ಹದಿನಾರಕ್ಕ ಟಿಕ್ ಹಾಕಿದೆ, ನನ್ನ ಸಾಲಿನ್ಯಾಗ ಕಾಟು. ಕೈ ತಾನ ಬರೀತು. ಅದರ ಮಗ್ಗಲ, ಯಾಕ ಬರದೆನೋ, "ಡಬ್ಬಿ?" ಅಂತ ಬರದು ಗೀಟ ಹೊಡದೆ.

"ಏನಾತು?" ಅಂತ ಅಣ್ಣಾರು ಬಂದು ಬಾಗಲಾಗ ನಿಂತ್ರು.

ನಾ ಹೇಳಿದ್ದು ಇದು: "ಕಿವಿ ಛಲೋ ಅವ ಅಣ್ಣಾ. ಏನೂ ತೊಂದ್ರಿ ಇಲ್ಲ."

ಒಂದ ಶಬ್ದಾನೂ ಸುಳ್ಳಲ್ಲ ನೋಡ್ರಿ. ಅದ ಮಾತಿನ್ಯಾಗ ನಾ ಹೊಕ್ಕೊಂಡ ಕೂತೆ. ಅವತ್ತ ಮುಂಜಾನಿ ಕಾಕೂ ಓಣ್ಯಾಗ ಎಲ್ಲಾರ ಮುಂದ ನನ್ನ ಡಬ್ಬಿ ಹೊಗಳಿದ್ರು, ಬಾಜೂ ಬಿಲ್ಡಿಂಗಿನವರು ನಮಗೂ ಒಂದ ಮಾಡಿಕೊಡು ಅಂದಿದ್ರು. ಸೈಂಟಿಸ್ಟ್ ಅನ್ನೂ ಹೆಸರು ಬಂದಿತ್ತು. ನಾಳೆ ಸುಮ್ನ ಡಬ್ಬಿ ತಗದಬಿಟ್ರ ಸಪ್ಪಳಾ ನಿಲ್ತದ, ಎಲ್ಲಾ ಸರಿ ಆಗ್ತದ, ಯಾರಿಗೂ ಹೇಳೂದ ಬ್ಯಾಡ ಅಂತ ಒಂದ ಉಸರಿನ್ಯಾಗ ಲೆಕ್ಕಾ ಹಾಕಿದೆ.

ಅಣ್ಣಾರು ಮಗಳ ಕಡೆ ನೋಡಿದ್ರು. "ಈಗ ನಿಮ್ಮಕ್ಕನೂ ಹೇಳಿದ್ಲು" ಅಂದ್ರು.

ಹುಡುಗಿ ನನ್ನ ಮಾರಿ ನೋಡಿದ್ಲು. ಭಾಳ ಹೊತ್ತ ನೋಡಲಿಲ್ಲ. ವಹಿ ಮುಚ್ಚಿ ತೊಡಿ ಮ್ಯಾಲ ಇಟ್ಟಕೊಂಡು ಅಪ್ಪಗ ಹೇಳಿದ್ಲು, "ಸುಳ್ಳ ಹೇಳಿದ್ದೆ ಅಪ್ಪಾ."

"ಯಾಕ?"

"ಅಭ್ಯಾಸಾ ಬ್ಯಾಸರಾಗಿತ್ತು."

ಅಣ್ಣಾರು ಬಂದು ಅಕಿ ತಲಿ ಮ್ಯಾಲ ಕೈ ಇಟ್ರು. ಪೇಪರ್ ತಗೊಂಡ ಬಾ ಅಂದ್ರು. ಇಬ್ಬರೂ ಹೊರಗ ಹೋಗಿ ಪದಬಂಧಾ ಬಿಡಸಾಕ ಕೂತ್ರು. ವೈನಿ ಕಣ್ಣ ಒರಿಸಿಕೊಂಡು ನನಗ ಅಂದ್ರು, "ನಿನ್ನಿಂದ ಆತು ನೋಡವಾ. ನಮ್ಮ ಮಾತ ಕೇಳತಿದ್ದಿಲ್ಲ." ಮ್ಯಾಲ ಎರಡ ಬೇಸನ್ ಉಂಡಿ ಕೊಟ್ರು. ನಾ ತಿಂದೆ.

ಮರದಿನಾ ಕೆಲಸಕ್ಕ ಹೋಗೂ ಮೊದಲ ಅಟ್ಟ ಹತ್ತಿ ಡಬ್ಬಿ ತಗದೆ. ಡಬ್ಬಿ ಮ್ಯಾಲ ಇಲಿ ಹಿಕ್ಕಿ ಬಿದ್ದಿತ್ತು. ಬೆಚ್ಚಗ ಇರ್ತದ ಅಂತ ಅದರ ಬೆನ್ನಿಗೆ ಹತ್ತಿ ಚಿಂದಿ ತಂದು ಗೂಡನೂ ಶುರು ಮಾಡಿದ್ವು. ಯಾರನ್ನ ಓಡಸಬೇಕಾಗಿತ್ತೋ ಅವು ಆರಾಮ ಇದ್ವು.

ಮತ್ತ ನೋಡ್ರಿ, ನಾ ಸರಿ ಮಾಡ್ತೀನಿ ಅಂತ ತಗದದ್ದ ಅಕಿಗೆ ತಿರಗಿ ಬಡೀತು. ಹುಡುಗಿ ಒಪ್ಪಕೊಂಡ್ಲು, ಮರದಿನಾನ ಸಪ್ಪಳಾ ಬಂದ್ ಆತು. "ನೋಡಿದ್ಯಾ?" ಅಂದ್ರು ಅಣ್ಣಾರು ವೈನಿಗೆ. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನ್ಯಾವದು ಬೇಕು. ಅವರು ಖುಷಿಲೆ ಇದ್ರು. ಹುಡುಗಿಗೆ ಮಾತ್ರ ಗೊಂದಲ ಆಗಿತ್ತು. ಎರಡ ದಿನಾ ಬಿಟ್ಟು ಜೀನ್ಯಾಗ ನಿಲ್ಲಿಸಿ ಕೇಳಿದ್ಲು, "ಅಕ್ಕಾ, ಈಗ ಕೇಳಸವಲ್ದು. ಹಂಗಾರ ಮೊದಲೂ ಇದ್ದಿಲ್ಲೇನು?"

"ಹೋತಲ್ಲಾ ಬಿಡು ತಂಗಿ" ಅಂದೆ. ಗಡಿಬಿಡಿ ಇದ್ದಾಕಿ ಹಂಗ ಇಳದ ಹೋದೆ.

ಗಣಪತಿ ಬಂತು, ಹೋತು. ಕಾಕೂಗ ಡಬ್ಬಿ ಕೆಟ್ಟದ ಅಂತ ಹೇಳಿದ್ದೆ. ಎದುರ ಮನ್ಯಾಗ ಊಟಾ ನಡದ ಇತ್ತು. ಅಲ್ಲೇ ಒಂದ ಹೊಸಾದು ನನ್ನ ಲಕ್ಷಕ್ಕ ಬಂತು. ಹುಡುಗಿಗೆ ಏನರ ಸಪ್ಪಳಾ ಕೇಳಿಸಿದ್ರ, ಖರೇ ಏನು ಅಂತ ಮೊದಲ ಇನ್ನೊಬ್ಬರನ್ನ ಕೇಳ್ತಿದ್ಲು. "ಅಮ್ಮಾ, ಕುಕ್ಕರ್ ಸೀಟಿ ಆತಲ್ಲಾ? ನಿನಗೂ ಕೇಳ್ತಲ್ಲಾ?" ಬಾಗಲಾ ಬಡದ್ರ ಏಳತಿದ್ದಿಲ್ಲ, ಯಾರರ ಏಳತಾರೇನು ಅಂತ ನೋಡತಿದ್ಲು. ಸಾಲ್ಯಾಗ ಪಾಠಾ ಹೇಳೂ ಬಾಯಿಯವರು ಹೆಸರು ಕರದ್ರ ಸುಮ್ನ ಕೂತಿದ್ಲಂತ ವೈನಿ ನಕ್ಕೋತ ಹೇಳಿದ್ರು, "ಕನಸು ಕಾಣ್ತಾಳ ನಮ್ಮಾಕಿ."

ಒಂದ ದಿನಾ ಸಂಜಿ ನಾವಿಬ್ಬರೂ ಹಾಲು ತರಾಕ ಹೊಂಟಿದ್ವಿ. ಪೇಠದ ಓಣಿ ನಿಮಗ ಗೊತ್ತಿರಬೇಕು, ಎರಡ ಸ್ಕೂಟರ್ ಎದುರಾದ್ರ ಗ್ವಾಡಿಗೆ ಹತ್ತಿ ನಿಲ್ಲಬೇಕು. ಹಿಂದಿಂದ ಒಬ್ಬವಾ ಹಾರ್ನ್ ಹೊಡಕೋತ ಬಂದ. ನಾ ಬದಿಗೆ ಸರದೆ. ಹುಡುಗಿ ನಡಬರಕ ನಿಂತು ನನ್ನ ಮಾರಿ ನೋಡಿ ಕೇಳಿದ್ಲು, "ಅಕ್ಕಾ, ಹಾರ್ನ್ ಆತೇನು?" ನಾ ತೋಳ ಹಿಡದು ಎಳದೆ. ಸ್ಕೂಟರಿನವಾ "ಬಹಿರೀ ಆಹೆಸ್ ಕಾ" ಅಂತ ಬೈದು ಹೋದ, ಕಿವುಡಿ ಏನ ನೀನು ಅಂತ.

ಇಡೀ ಬಿಲ್ಡಿಂಗಿನ್ಯಾಗ ಎಲ್ಲಾರಕಿಂತಾ ಛಲೋ ಕಿವಿ ಇದ್ದಾಕಿ ಅಕಿ.

ಮರದಿನಾ ಡಬ್ಬಿ ವರ್ಕ್‌ಶಾಪಿಗೆ ಒಯ್ದು ಮೀಟರಿಗೆ ಹಚ್ಚಿದೆ. ಹದಿನಾರ ಸಾವಿರದ ಮ್ಯಾಲ ಸ್ವಲ್ಪ. ಮಾಲಕರು ಹಿಂದ ಬಂದ ನಿಂತಿದ್ರು. ಏನಿದು ಅಂದ್ರು, ಹೇಳಿದೆ. ಕಿವಿಲೆ ಅಳದ್ಯಾ ಅಂದ್ರು. ಹೌದ್ರಿ ಅಂದೆ. ಅವರು ಬೈಲಿಲ್ಲ. ನನ್ನ ಕೊಳ್ಳಾಗಿನ ಮುಚಗಿ ಎತ್ತಿ ಕಿವಿ ಮ್ಯಾಲ ಕೂಡಿಸಿ, ತಮ್ಮ ಕೆಲಸಕ್ಕ ಹೋದ್ರು.

ಅದರ ಮರದಿನಾ ಐತಾರ ಎದುರ ಮನಿ ಬಾಗಲಾ ಬಡದೆ. ಡಬ್ಬಿ ಮೇಜಿನ ಮ್ಯಾಲ ಇಟ್ಟು, "ಅಣ್ಣಾ, ಒಂದ ತೋರಸೂದದ" ಅಂದೆ. ಹುಡುಗಿಗೆ ಗ್ವಾಡಿ ಕಡೆ ಮಾರಿ ಮಾಡಿ ನಿಲ್ಲಂದೆ. ಸಪ್ಪಳಾ ಕೇಳಿದ್ರ ಕೈ ಎತ್ತು, ನಿಂತ್ರ ಇಳಸು. ಡಬ್ಬಿ ಬಟನ್ ಅಣ್ಣಾರ ಕೈಯಾಗ ಕೊಟ್ಟೆ, ನಿಮಗ ಬೇಕಾದಂಗ ಒತ್ತರಿ ಅಂತ.

ಅಣ್ಣಾರು ಒತ್ತಿದ್ರು. ಅವರಿಗೂ ನನಗೂ ವೈನಿಗೂ ಏನೂ ಇಲ್ಲ, ಬರೇ ಫ್ಯಾನಿನ ಸಪ್ಪಳಾ. ಹುಡುಗಿ ಕೈ ಅರ್ಧಾ ಎತ್ತಿ ತಿರಗಿ ನೋಡಾಕ ಹೋದ್ಲು. "ಯಾರನೂ ನೋಡಬ್ಯಾಡ ತಂಗಿ, ನಿನಗ ಕೇಳಿದ್ರ ಎತ್ತು" ಅಂದೆ. ಎತ್ತಿದ್ಲು. ಅಣ್ಣಾರು ಬಿಟ್ರು, ಕೈ ಇಳೀತು. ಎರಡ ಸಲ ಜಲ್ದಿ ಜಲ್ದಿ ಒತ್ತಿದ್ರು, ಕೈ ಎರಡ ಸಲ ಎದ್ದು ಇಳೀತು. ಭಾಳ ಹೊತ್ತ ಒತ್ತದ ಕಾದ್ರು, ಕೈ ಏಳಲಿಲ್ಲ. ಹತ್ತ ಹದಿನೈದ ಸಲ ಆಗಿರಬೇಕು. ಒಂದೂ ತಪ್ಪಲಿಲ್ಲ. ಕಡೀಕ ಅಣ್ಣಾರು ಡಬ್ಬಿ ಕೆಳಗಿಟ್ಟು ಹೋಗಿ ಅಕಿ ಬೆನ್ನ ಹಿಂದ ನಿಂತು, "ಖರೇ ಇತ್ತು" ಅಂದ್ರು. ಆಮ್ಯಾಲ, "ನೀ ಖರೇ ಹೇಳಿದ್ದಿ. ನಾ ಸುಳ್ಳ ಹೇಳಸ್ದೆ ನಿನ್ನ ಬಾಯ್ಲೆ" ಅಂದ್ರು.

ಹುಡುಗಿ ಗ್ವಾಡಿ ಕಡೆನ ಮಾರಿ ಮಾಡಿ ನಿಂತ ಅತ್ಲು.

ವೈನಿ ನನ್ನ ಕಡೆ ತಿರಗಿದ್ರು. "ಇದು ನಿನಗ ಯಾವಾಗ ಗೊತ್ತಾತು?"

"ನಿನ್ನೆ ಮೀಟರಿಗೆ ಹಚ್ಚಿ ನೋಡಿದೆ ವೈನಿ" ಅಂದೆ.

ಮೀಟರಿಗೆ ಹಚ್ಚಿದ್ದು ನಿನ್ನೆ, ಖರೇ. ಗೊತ್ತಾದದ್ದು ನಿನ್ನೆ ಅಲ್ಲ. ಮತ್ತ ಅದೇ ಕಸರತ್ತು, ಒಂದೂ ಸುಳ್ಳ ಶಬ್ದಾ ಇಲ್ಲದ ಸುಳ್ಳು. ತಪ್ಪ ಒಪ್ಪಕೊಳ್ಳಾಕ ಬಂದಲ್ಲೂ ಅರ್ಧಾ ಉಳಿಸಿಕೊಂಡೆ. ವೈನಿ "ಆತು ಬಿಡು, ನಿನಗರ ಏನ ಗೊತ್ತಿತ್ತು" ಅಂದು ಚಹಾ ಇಡಾಕ ಹೋದ್ರು. ಹುಡುಗಿ ಈ ಕಡೆ ತಿರಗಿ ಕಣ್ಣ ಒರಿಸಿಕೋತ ನನ್ನ ನೋಡಿದ್ಲು.

ಬುಧವಾರ ಸಾಲಿಂದ ಬಂದಾಕಿ ನನ್ನ ಖೋಲಿಗೆ ಬಂದ್ಲು. ಅವತ್ತ ನನಗ ಸುಟ್ಟಿ ಇತ್ತು. ಕೈಯಾಗ ರಫ್ ವಹಿದಾಗಿಂದ ಹರದ ಒಂದ ಹಾಳಿ. ಎರಡ ಸಾಲು, "ನೀ", "ನಾ". ಹದಿನಾರಕ್ಕ ಒಂದ ಟಿಕ್, ಒಂದ ಕಾಟು. ಮಗ್ಗಲ ನನ್ನ ಅಕ್ಷರದಾಗ "ಡಬ್ಬಿ?", ಅದರ ಮ್ಯಾಲ ಗೀಟು.

"ಅಪ್ಪಾ ದಿನಾ ನನ್ನ ವಹಿ ನೋಡ್ತಾರ. ಅದಕ್ಕ ಹರದೆ" ಅಂದ್ಲು. "ಯಾರಿಗೂ ತೋರಿಸಿಲ್ಲ ಅಕ್ಕಾ. ತಗೋ."

"ನಿನಗ ಅವತ್ತ ಗೊತ್ತಾತೇನು?"

"ಅವತ್ತ ಇಲ್ಲ. ನೀ ಐತಾರ ಅಮ್ಮಗ 'ನಿನ್ನೆ' ಅಂತ ಹೇಳಿದಿಯಲ್ಲಾ, ಆಗ ವಹಿ ತಗದ ನೋಡಿದೆ."

ಹಾಳಿ ಕೊಟ್ಟು ಬಾಗಲಾತನಕಾ ಹೋಗಿ ತಿರಗಿ ನಿಂತ್ಲು. "ಅಮ್ಮ ಕೇಳಿದ್ರ ನಾನೂ ನಿನಗ ಮೀಟರಿಗೆ ಹಚ್ಚಿದಾಗನ ಗೊತ್ತಾತು ಅಂತ ಹೇಳ್ತೀನಿ" ಅಂದ್ಲು.

ಅಕಿ ಒಳ್ಳೇದಕ್ಕನ ಅಂದ್ಲು. ಒಂದ ಸಲ ಅಪ್ಪನ ಸಲುವಾಗಿ ಸುಳ್ಳ ಒಪ್ಪಕೊಂಡಿದ್ಲು, ಈಗ ನನ್ನ ಸಲುವಾಗಿ ಒಂದ ಸುಳ್ಳ ಹೊರಾಕ ತಯಾರಾಗಿದ್ಲು. ಹನ್ನೊಂದ ವರ್ಷದ ಹುಡುಗಿಗೆ ಇದನ್ನ ಕಲಿಸಿದಾಕಿ ನಾನು. ಬ್ಯಾರೆ ಏನೇನೋ ಕಲಸಬೇಕಂತ ಮಾಡಿದ್ದೆ.

ಚಪ್ಪಲಿನೂ ಹಾಕ್ಕೊಳ್ಳದ ಅಕಿ ಹಿಂದನ ಎದುರ ಮನಿಗೆ ಹೋದೆ. ವೈನಿ ಮಷೀನಿನ ಮುಂದ ಕೂತು ಯಾರದೋ ಪೋಲಕಾ ಹೊಲ್ಯಾಕತ್ತಿದ್ರು. ಹಾಳಿ ಅವರ ಮುಂದ ಇಟ್ಟೆ. "ವೈನಿ, ಐತಾರ ನಾ 'ನಿನ್ನೆ' ಅಂತ ಹೇಳಿದ್ದು ಸುಳ್ಳು. ಇಲ್ಲೆ ಅಡಗಿಮನ್ಯಾಗ ಕೂತಾಗ ಗೊತ್ತಾಗಿತ್ತು. ಅಣ್ಣಾರು ಬಾಗಲಾಗ ನಿಂತಾಗ ಗೊತ್ತಿತ್ತು. ಇಕಿ ಒಪ್ಪಕೊಂಡಾಗ ಗೊತ್ತಿತ್ತು" ಅಂದೆ.

ವೈನಿ ಹಾಳಿ ಓದಿದ್ರು. ಮಷೀನ್ ತುಳಿಯೂ ಕಾಲ ನಿಂತಿತ್ತು. "ಉಂಡಿ ತಿನ್ನುವಾಗ?" ಅಂತ ಕೇಳಿದ್ರು.

"ಆಗೂ ಗೊತ್ತಿತ್ತು."

"ಅದಾದ ಮ್ಯಾಲ ಎಷ್ಟ ದಿನಾ ನಮ್ಮನ್ಯಾಗ ಊಟಾ ಮಾಡಿದಿ ನೀ."

ಅದು ಪ್ರಶ್ನೆ ಅಲ್ಲ. ಅವರು ಹಾಳಿ ಮಡಚಿ ದಾರದ ಉಂಡಿ ಇಡೂ ಡಬ್ಬ್ಯಾಗ ಇಟ್ರು. ಮಗಳನ್ನ ಕರದು ಬಾಜೂ ಕೂಡಿಸಿಕೊಂಡ್ರು. ಆಮ್ಯಾಲ ನನಗ, "ಹೋಗಿ ಬರ್ರಿ" ಅಂದ್ರು. ಎರಡ ವರ್ಷದಾಗ ಮೊದಲನೇ ಸಲ ಬರ್ರಿ ಅಂದದ್ದು.

ಇದಾಗಿ ಈಗ ಏಳೆಂಟ ತಿಂಗಳಾತು. ಅಲ್ಲೇ ಇದ್ದೀನಿ, ಎದುರ ಬಾಗಲಾ ಅದ. ಊಟಕ್ಕ ಮೆಸ್ ಹಚ್ಚಿಕೊಂಡೇನಿ. ಜೀನ್ಯಾಗ ಸಿಕ್ರ ವೈನಿ "ಆರಾಮರೀ?" ಅಂತಾರ, ಅಣ್ಣಾರು ಗೋಣ ಹಾಕ್ತಾರ. ಸೈಂಟಿಸ್ಟ್ ಅಂತ ಯಾರೂ ಅನ್ನೂದಿಲ್ಲ. ಕಾಕೂಗೂ ಖರೇ ಹೇಳಿದೆ. ಅವರು ಹಪ್ಪಳಾ ಎಲ್ಲಾ ಸ್ಟೀಲ್ ಡಬ್ಬಿಗೆ ಹಾಕಿದ್ರು, ಇಲಿ ತಾವ ಹೋದ್ವು. ವರ್ಕ್‌ಶಾಪಿನ್ಯಾಗ ಮುಚಗಿ ಹಾಕ್ಕೊಂಡ ಕೆಲಸಾ ಮಾಡ್ತೀನಿ. ಹೋದ ಕಿವಿ ತಿರಗಿ ಬರೂದಿಲ್ಲಂತ, ಓದೇನಿ.

ಹುಡುಗಿ ಮಾತ್ರ ಬರ್ತಾಳ. ದಿನಾ ಅಲ್ಲ. ಹೋದ ವಾರ ಬಂದು ಕಿಟಕಿ ಮುಂದ ಕೂತು ಬರಿತಿದ್ದಾಕಿ ತಲಿ ಎತ್ತಿದ್ಲು. "ಅಕ್ಕಾ, ನಿನ್ನ ಚಾರ್ಜರ್ ಸಪ್ಪಳಾ ಮಾಡಾಕತ್ತದ" ಅಂದ್ಲು. ನಿನಗೂ ಕೇಳ್ತದೇನು ಅಂತ ಅಕಿ ನನ್ನ ಕೇಳಲಿಲ್ಲ. ನನಗ ಏನೂ ಕೇಳತಿದ್ದಿಲ್ಲ. ಎದ್ದು ಹೋಗಿ ಚಾರ್ಜರ್ ಕಿತ್ತೆ.

"ಹಾಂ, ನಿಂತ್ತು" ಅಂದು ಮತ್ತ ಬರಿಯಾಕ ಕೂತ್ಲು.